ದೀಪದ ಗೆರೆಗೆ ಅಪರ್ಚರ್, ಹಿನ್ನೆಲೆಗೆ ಷಟರ್: ಹೆಬ್ಬಾಳದ ಚಿತ್ರದ ಪ್ರಶ್ನೆಗೆ ಉತ್ತರ

ನಮಸ್ಕಾರ. ಹೆಬ್ಬಾಳದ ಪಾದಚಾರಿ ಮೇಲ್ಸೇತುವೆಯ ಮೇಲೆ ಟ್ರೈಪಾಡ್ ನಿಲ್ಲಿಸಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/4, ಷಟರ್ ತೆರೆದಿರುವ ಸಮಯ 30 ಸೆಕೆಂಡ್ ಇಟ್ಟು ತೆಗೆದ ಚಿತ್ರದಲ್ಲಿ ವಾಹನಗಳ ದೀಪದ ಗೆರೆಗಳು ಸುಣ್ಣ ಬಳಿದಂತೆ ಬೆಳ್ಳಗಾಗಿವೆ, ಅಲ್ಲಲ್ಲಿ ನಡುಗಿವೆ, ಸಮಯವನ್ನು 10 ಸೆಕೆಂಡಿಗೆ ಇಳಿಸಿದರೂ ಬಣ್ಣ ಮರಳಲಿಲ್ಲ ಎಂದು ಬರೆದಿದ್ದೀರಿ. ಸಮಯವನ್ನಷ್ಟೇ ಇಳಿಸಿದಾಗ ಬಣ್ಣ ಮರಳದೆ ಇರುವುದು ಸಹಜ.

ಓಡುತ್ತಿರುವ ದೀಪವು ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕನ್ನು ದಾಖಲಿಸುವ ಫಲಕದ) ಒಂದು ಬಿಂದುವಿನ ಮೇಲೆ ಸೆಕೆಂಡಿನ ಬಹಳ ಸಣ್ಣ ಪಾಲು ಮಾತ್ರ ಇದ್ದು ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಆ ಬಿಂದುವಿಗೆ ಆ ಒಂದು ವಾಹನದಿಂದ ಸಿಗುವ ಬೆಳಕು ಅಷ್ಟೇ ಇರುತ್ತದೆ. ಗೆರೆಯ ಹೊಳಪನ್ನು ನಿರ್ಧರಿಸುವುದು ಅಪರ್ಚರ್, ಐಎಸ್‌ಒ ಮತ್ತು ವಾಹನದ ವೇಗ. ಷಟರ್ ಸಮಯ ನಿರ್ಧರಿಸುವುದು ಗೆರೆಯ ಉದ್ದವನ್ನು ಮತ್ತು ಅಲುಗಾಡದೆ ನಿಂತಿರುವ ಕಟ್ಟಡ, ಆಕಾಶಗಳ ಹೊಳಪನ್ನು. ಹಲವು ವಾಹನಗಳು ಒಂದೇ ಜಾಡಿನಲ್ಲಿ ಸಾಗಿದಾಗ ಮಾತ್ರ ಗೆರೆಯ ಮೇಲೆ ಗೆರೆ ಬಿದ್ದು ಹೊಳಪು ಕೂಡುತ್ತಾ ಹೋಗುತ್ತದೆ. ಈ ಒಂದು ಭೇದ ಮನಸ್ಸಿನಲ್ಲಿ ನಿಂತರೆ ಉಳಿದ ಲೆಕ್ಕವೆಲ್ಲ ಸುಲಭ.

ಐಎಸ್‌ಒ 100ಕ್ಕೂ ಅಪರ್ಚರ್ ಎಫ್/11ಕ್ಕೂ ಬರಲಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ಬೆಳಕು ಅರ್ಧಕ್ಕಿಳಿಯುವ ಒಂದೊಂದು ಹಂತವೂ ಒಂದು ಸ್ಟಾಪ್. ಎರಡೂ ಸೇರಿ ಆರು ಸ್ಟಾಪ್, ಅಂದರೆ ಗೆರೆಯ ಹೊಳಪು ಸುಮಾರು 64 ಪಟ್ಟು ಇಳಿಯುತ್ತದೆ. ಹಿಂಬದಿ ದೀಪದ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಆಗ ಹಿನ್ನೆಲೆ ಕಪ್ಪಾಗುವುದಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಕತ್ತಲಾದ ಮೇಲೆ ತೆಗೆದರೆ ಖಂಡಿತ ಕಪ್ಪಾಗುತ್ತದೆ. ಅದಕ್ಕಾಗಿಯೇ ಸೂರ್ಯ ಮುಳುಗಿದ 15ರಿಂದ 30 ನಿಮಿಷಗಳ ನಡುವಿನ ನೀಲಿ ಹೊತ್ತನ್ನು ಬಳಸಿಕೊಳ್ಳಬೇಕು. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬೇಗ ಮುಗಿಯುವುದರಿಂದ ಸೂರ್ಯಾಸ್ತಕ್ಕೆ ಮೊದಲೇ ಜಾಗ ಹಿಡಿದು, ದೂರದ ಒಂದು ದೀಪವನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ, ಕೈಯಿಂದಲೇ ಫೋಕಸ್ ಮಾಡಿ ಇಟ್ಟುಕೊಂಡಿರುವುದು ಒಳ್ಳೆಯದು.

ಸಮಯವನ್ನು ಊಹಿಸಬೇಕಾಗಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಚೌಕಟ್ಟಿನಲ್ಲಿ 150 ಮೀಟರ್ ರಸ್ತೆ ಕಾಣುತ್ತಿದ್ದರೆ ತುಂಡಾಗದ ಗೆರೆಗೆ 14 ಸೆಕೆಂಡ್ ಬೇಕು. ಘಾಟಿಯ ತಿರುವಿನಲ್ಲಿ ವೇಗ ಅರ್ಧಕ್ಕಿಳಿದರೆ ಸಮಯ ಇಮ್ಮಡಿಯಾಗುತ್ತದೆ, ಗೆರೆಯೂ ಇಮ್ಮಡಿ ಹೊಳೆಯುತ್ತದೆ, ಆದ್ದರಿಂದ ಅಲ್ಲಿ ಅಪರ್ಚರನ್ನು ಇನ್ನೂ ಒಂದು ಸ್ಟಾಪ್ ಕಿರಿದಾಗಿಸಬೇಕು. ವಾಹನಗಳು ನಿಂತುಬಿಟ್ಟರೆ ಗೆರೆಯ ಬದಲು ಬೆಳಕಿನ ಮುದ್ದೆ ಬರುವುದರಿಂದ, ಸಿಗ್ನಲ್ ಇರುವಲ್ಲಿ ಹಸಿರು ಬಿದ್ದ ಮೇಲೆಯೇ ಷಟರ್ ಒತ್ತಿ.

ನಡುಕಕ್ಕೆ ನಿಮ್ಮ ಟ್ರೈಪಾಡ್ ಕಾರಣವಿರಲಾರದು. ಜನ ನಡೆದಾಗ, ಕೆಳಗೆ ಭಾರಿ ಲಾರಿ ಹಾದಾಗ ಸೇತುವೆಯೇ ಅದುರುತ್ತದೆ, ನಡುಭಾಗದಲ್ಲಿ ಅದು ಹೆಚ್ಚು. ಕಂಬದ ನೇರಕ್ಕೆ ನಿಂತು, ಟ್ರೈಪಾಡಿನ ನಡುಗಂಬವನ್ನು ಇಳಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಲೆನ್ಸಿನ ಸ್ಟೆಬಿಲೈಸೇಶನ್ (ಕೈನಡುಕ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ. ಗಾಜಿನ ಯುವಿ ಫಿಲ್ಟರನ್ನೂ ತೆಗೆದಿಡಿ, ಹೆಡ್‌ಲೈಟಿನ ಸುಳ್ಳು ಪ್ರತಿಬಿಂಬಗಳು ಬಹುಪಾಲು ಅದರಿಂದಲೇ ಬರುತ್ತವೆ. ಹೆಚ್ಚು ಒಳ್ಳೆಯ ಕೋನ ಸಿಗುತ್ತದೆಂದು ವಾಹನಗಳ ಮೇಲ್ಸೇತುವೆಯ ಅಂಚಿಗೆ ಮಾತ್ರ ದಯವಿಟ್ಟು ಹೋಗಬೇಡಿ. ಕತ್ತಲಲ್ಲಿ ಚಾಲಕರಿಗೆ ನೀವು ಕಾಣುವುದಿಲ್ಲ.

ಕೆಲವು ಕೆಂಪು ಗೆರೆಗಳು ಮಣಿ ಪೋಣಿಸಿದಂತೆ ಚುಕ್ಕಿಚುಕ್ಕಿಯಾಗಿವೆ ಎಂದೂ ಕೇಳಿದ್ದಿರಿ. ಅದು ಕ್ಯಾಮೆರಾದ ದೋಷವಲ್ಲ. ಎಲ್‌ಇಡಿ ಹಿಂಬದಿ ದೀಪಗಳಲ್ಲಿ ಹಲವು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತವೆ, ದೀಪ ಓಡುವಾಗ ಆ ಬಿಡುವುಗಳು ಸೆನ್ಸರಿನ ಮೇಲೆ ಬಿಡಿಬಿಡಿಯಾಗಿ ದಾಖಲಾಗುತ್ತವೆ. ಬೇಡವೆನಿಸಿದರೆ ಎಂಟೆಂಟು ಸೆಕೆಂಡಿನ ಹಲವು ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆದು, ಕಂಪ್ಯೂಟರಿನಲ್ಲಿ ಲೈಟನ್ ವಿಧಾನದಲ್ಲಿ (ಪ್ರತಿ ಬಿಂದುವಿನಲ್ಲೂ ಹೆಚ್ಚು ಹೊಳಪಿನದನ್ನೇ ಉಳಿಸಿಕೊಳ್ಳುವ ವಿಧಾನ) ಒಂದರ ಮೇಲೊಂದು ಕೂಡಿಸಿ. ಚುಕ್ಕಿಗಳು ಬೇರೆ ಗೆರೆಗಳ ನಡುವೆ ಬೆರೆತುಹೋಗುತ್ತವೆ. ಹಾಗೆ ತೆಗೆಯುವಾಗ ದೀರ್ಘ ಎಕ್ಸ್‌ಪೋಷರಿನ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಕಲೆಗಳನ್ನು ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿರಬೇಕು, ಇಲ್ಲದಿದ್ದರೆ ಕ್ಯಾಮೆರಾ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಸುಮ್ಮನಿರುತ್ತದೆ ಮತ್ತು ಗೆರೆಗಳ ನಡುವೆ ಕಂದಕ ಬೀಳುತ್ತದೆ.