ಊಡ್ನಡಾಟಾ ಹಾದಿಯ ತಲಪರಿಗೆಗಳು

ಆಸ್ಟ್ರೇಲಿಯಾದ ಅಡಿಲೇಡಿನಿಂದ ಖಂಡದ ನಡುವಿನ ಉಲುರು ಬಂಡೆಗೆ ಕಾರಿನಲ್ಲಿ, ದಾರಿಯುದ್ದಕ್ಕೂ ಡೇರೆ ಹಾಕಿಕೊಂಡು ಮೂರು ವಾರ ಸುತ್ತಿಬರುವುದು ಸಾರ್ಥಕವೇ, ವಿಮಾನದಲ್ಲಿ ನೇರವಾಗಿ ಹೋಗಿಬಂದರೆ ಸಾಲದೇ, ನಡುವಿನ ಬಟ್ಟಬಯಲಿನಲ್ಲಿ ನೋಡುವಂಥದ್ದು ಏನಿದೆ ಎಂದು ನೀವು ಕೇಳಿದ್ದೀರಿ. ನಾನು ಅಡಿಲೇಡಿನಲ್ಲಿ ನೆಲೆಸಿರುವವನು. ಮಗಳ ಜುಲೈ ರಜೆಗೆ ಇನ್ನೊಂದು ವಾರ ಸೇರಿಸಿಕೊಂಡು ನಾವು ಮೂವರು ಇದೇ ಪ್ರವಾಸ ಮಾಡಿದ್ದೇವೆ. ಬಿಡುವಿದ್ದರೆ ಖಂಡಿತ ಕಾರಿನಲ್ಲೇ ಹೋಗಿ. ಆದರೆ ಪೂರ್ತಿ ಡಾಂಬರು ಕಂಡಿರುವ ಸ್ಟುವರ್ಟ್ ಹೆದ್ದಾರಿಯನ್ನು ಹಿಂದಿರುಗುವ ದಾರಿಗೆ ಇಟ್ಟುಕೊಂಡು, ಹೋಗುವಾಗ ಮರ್ರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಉದ್ದದ ಊಡ್ನಡಾಟಾ ಕಚ್ಚಾ ರಸ್ತೆಯನ್ನು ಹಿಡಿಯಿರಿ.

ಮರ್ರೀ ದಾಟಿದ ಮೇಲೆ ನಮಗೂ ನಿಮ್ಮ ಪ್ರಶ್ನೆಯೇ ಎದುರಾಯಿತು. ಎರಡೂ ಕಡೆ ಕೆಂಪು ಹರಳುಗಲ್ಲಿನ ಬಯಲು, ಮೊಣಕಾಲೆತ್ತರದ ಕುರುಚಲು, ಗಂಟೆಗೊಂದು ವಾಹನ. ಆ ಮಧ್ಯಾಹ್ನ ವಾಬ್ಮಾ ಕಡಾರ್ಬು ಎಂಬ ಸಂರಕ್ಷಿತ ಪ್ರದೇಶದಲ್ಲಿ ಕಾರು ನಿಲ್ಲಿಸಿ, ‘ಬಬ್ಲರ್’ ಎಂದು ಕರೆಯುವ ಒಂದು ಚಿಕ್ಕ ಕೊಳದ ಅಂಚಿಗೆ ಹೋಗಿ ನಿಂತೆವು. ಕೊಳದ ತಳದ ಮರಳು ಒಲೆಯ ಮೇಲಿನ ಅಂಬಲಿಯಂತೆ ಮೆಲ್ಲಗೆ ಉಬ್ಬುತ್ತಿತ್ತು, ಒಡೆದು ಉಂಗುರವಾಗಿ ಹರಡುತ್ತಿತ್ತು, ಒಂದು ಕ್ಷಣ ಸುಮ್ಮನಿದ್ದು ಪಕ್ಕದಲ್ಲಿ ಮತ್ತೆ ಉಬ್ಬುತ್ತಿತ್ತು. ನಾನು ಮಧುಗಿರಿ ಸೀಮೆಯವನು. ಅಜ್ಜಿಯ ಊರಿನ ಹಳ್ಳದ ಮಗ್ಗುಲಲ್ಲಿ ಒಂದು ತಲಪರಿಗೆ, ಅಂದರೆ ನೆಲದಿಂದ ತಾನಾಗಿ ಉಕ್ಕುವ ನೀರಿನ ಬುಗ್ಗೆ, ಇತ್ತು. ಬೇಸಿಗೆಯಲ್ಲೂ ಮರಳನ್ನು ಕೈಯಿಂದ ಸರಿಸಿದರೆ ಸಾಕು, ನೀರು ಹೀಗೆಯೇ ಉಕ್ಕಿ ಬರುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ಕೊಳವೆಬಾವಿಗಳು ಹೆಚ್ಚಿದಂತೆ ಅದು ಬತ್ತಿತು. ಆ ಕೊಳದ ಮುಂದೆ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಈ ಬುಗ್ಗೆಗಳಿಗೆ ನೀರುಣಿಸುವುದು ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ, ಖಂಡದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದಡಿಯಲ್ಲಿ ಹರಡಿರುವ ಅಂತರ್ಜಲ. ಬಹುಪಾಲು ಪೂರ್ವದ ಎತ್ತರದ ಸೀಮೆಯಲ್ಲಿ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಂಗಿ, ವರ್ಷಕ್ಕೆ ಕೆಲವೇ ಮೀಟರಿನಂತೆ ಸರಿಯುತ್ತಾ, ಲಕ್ಷಾಂತರ ವರ್ಷಗಳ ನಂತರ ಒತ್ತಡದಿಂದ ಇಲ್ಲಿ ಮೇಲೆದ್ದು ಬರುತ್ತದೆ. ಇದು ತಿಳಿದ ಮೇಲೆ ಹಾದಿಯೇ ಬೇರೆಯಾಗಿ ಕಾಣಿಸಿತು. ಇಲ್ಲಿಯ ಮೂಲನಿವಾಸಿಗಳಾದ ಅರಬಾನ ಜನ ತಲೆತಲಾಂತರದಿಂದ ಬುಗ್ಗೆಯಿಂದ ಬುಗ್ಗೆಗೆ ನಡೆದ ಜಾಡು ಇದು. ಅನ್ವೇಷಕ ಜಾನ್ ಮೆಕ್‌ಡೂವಲ್ ಸ್ಟುವರ್ಟ್ ಅವೇ ಬುಗ್ಗೆಗಳನ್ನು ನೆಚ್ಚಿಕೊಂಡು ಉತ್ತರಕ್ಕೆ ಹೊರಟು 1862ರಲ್ಲಿ ಖಂಡದ ಆಚೆಯ ಕಡಲನ್ನು ಮುಟ್ಟಿದರು. 1872ರಲ್ಲಿ ಪೂರ್ಣಗೊಂಡ ತಂತಿ (ಟೆಲಿಗ್ರಾಫ್) ಮಾರ್ಗ ಅವರ ದಾರಿಯನ್ನು ಹಿಡಿಯಿತು. ಉಗಿಬಂಡಿಗೂ ನೀರು ಬೇಕಾದ್ದರಿಂದ ‘ಘಾನ್’ ರೈಲಿನ ಹಳಿಯೂ ಇಲ್ಲೇ ಬಂತು. 1980ರಲ್ಲಿ ಆ ಹಳಿ ಮುಚ್ಚಿತು. ಅದರ ಪಾಳುಬಿದ್ದ ನಿಲ್ದಾಣಗಳ ಮಗ್ಗುಲಲ್ಲೇ ಇಂದಿನ ರಸ್ತೆ ಸಾಗುತ್ತದೆ. ಇಲ್ಲಿ ಸಾಮಾನು ಸಾಗಿಸಿದ ಒಂಟೆಗಾರರನ್ನು ‘ಆಫ್ಘನ್’ ಎಂದು ಕರೆದರೂ, ಅವರಲ್ಲಿ ಅನೇಕರು ಪಂಜಾಬ್, ಪೇಶಾವರ, ಬಲೂಚಿಸ್ತಾನಗಳಿಂದ ಬಂದವರು. 1860ರ ದಶಕದ ಮಧ್ಯದಲ್ಲಿ ಥಾಮಸ್ ಎಲ್ಡರ್ ಎಂಬ ಉದ್ಯಮಿ ತರಿಸಿದ ನೂರಕ್ಕೂ ಹೆಚ್ಚು ಒಂಟೆಗಳು ಹಡಗು ಹತ್ತಿದ್ದು ಕರಾಚಿಯಲ್ಲಿ. ಮರ್ರೀಯಲ್ಲಿ ಅವರ ಮಣ್ಣಿನ ಗೋಡೆಯ ಮಸೀದಿಯ ಪ್ರತಿಕೃತಿ ಇದೆ, ತಪ್ಪದೆ ನೋಡಿ.

ಇಲ್ಲಿಯ ಬುಗ್ಗೆಗಳಿಗೂ ನಮ್ಮ ತಲಪರಿಗೆಗೆ ಬಂದ ಗತಿಯೇ ಬರುವುದರಲ್ಲಿತ್ತು. 1878ರಿಂದ ಕೊರೆಯುತ್ತಾ ಹೋದ ಕೊಳವೆಬಾವಿಗಳಲ್ಲಿ ಸಾವಿರಾರು, ಮುಚ್ಚಳವಿಲ್ಲದೆ ಹಗಲೂ ರಾತ್ರಿ ತೆರೆದ ಕಾಲುವೆಗಳಿಗೆ ಹರಿದು, ಒತ್ತಡ ಕುಸಿದು ಎಷ್ಟೋ ಬುಗ್ಗೆಗಳು ನಿಂತುಹೋದವು. 1999ರಲ್ಲಿ ಸರ್ಕಾರಗಳೂ ದನಗಾಹಿ ಜಮೀನುದಾರರೂ ಕೂಡಿ ಬಾವಿಗಳಿಗೆ ಕವಾಟ ಹಾಕಿ, ಕಾಲುವೆಯ ಬದಲು ಕೊಳವೆ ಎಳೆಯುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ಇದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ನಮ್ಮ ಸೀಮೆಯನ್ನು ನೆನೆದು ಸಂಕಟವೂ ಆಯಿತು. ಬಬ್ಲರ್ ಬಳಿ ಮರದ ಅಟ್ಟಣೆ ಇದೆ. ದಯವಿಟ್ಟು ಅದರಿಂದಾಚೆ ನೀರಿಗೆ ಇಳಿಯಬೇಡಿ. ಮೈ ನೆನೆಸುವ ಆಸೆಯಿದ್ದರೆ ಹತ್ತಿರದ ಕೌವರ್ಡ್ ಸ್ಪ್ರಿಂಗ್ಸ್ ಕ್ಯಾಂಪಿನಲ್ಲಿ, ರೈಲಿನ ಕಾಲದಲ್ಲಿ ನೆಟ್ಟ ಖರ್ಜೂರದ ಮರಗಳ ನಡುವೆ, ಉಗುರುಬೆಚ್ಚಗಿನ ನೀರಿನ ತೊಟ್ಟಿ ಇದೆ. ಅಂದು ರಾತ್ರಿ ಡೇರೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟಿತ್ತು.

ಸಿದ್ಧತೆಯ ಬಗ್ಗೆ ಕೆಲವು ಮಾತು. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಬಿಸಿಲು ದಾಖಲಾಗಿದೆ. ತಲೆಗೆ ದಿನಕ್ಕೆ ಹತ್ತು ಲೀಟರ್ ಲೆಕ್ಕದಲ್ಲಿ ಕುಡಿಯುವ ನೀರನ್ನು ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬದೆ ಹಲವು ಕ್ಯಾನುಗಳಲ್ಲಿ ಹಂಚಿಕೊಳ್ಳಿ. ಮಳೆ ಬಿದ್ದರೆ ರಸ್ತೆ ಮುಚ್ಚುತ್ತಾರೆ, ಆಗ ಇಳಿದರೆ ದಂಡ ಬೀಳುತ್ತದೆ, ಆದ್ದರಿಂದ ಎರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಕಾಂಗರೂಗಳು ಅಡ್ಡ ಬರುವುದರಿಂದ ಕತ್ತಲಾದ ಮೇಲೆ ಓಡಿಸಬೇಡಿ. ಜಲ್ಲಿ ರಸ್ತೆಗೆ ಇಳಿದಾಗ ಟೈರಿನ ಗಾಳಿ ಕಡಿಮೆ ಮಾಡಬೇಕು. ನಾನು ಅಲಕ್ಷ್ಯ ಮಾಡಿದ್ದರಿಂದ ವಿಲಿಯಂ ಕ್ರೀಕ್ ದಾಟಿದ ಮೇಲೆ ಒಂದು ಟೈರು ಸೀಳಿತು. ಜ್ಯಾಕ್ ಮರಳಿನಲ್ಲಿ ಹೂತುಹೋಗುತ್ತಿದ್ದಾಗ, ಎದುರಿನಿಂದ ಬಂದ ಇಬ್ಬರು ದನಗಾಹಿಗಳು ನಾವು ಕೈ ಅಡ್ಡ ಹಾಕುವ ಮೊದಲೇ ನಿಲ್ಲಿಸಿ, ತಮ್ಮ ಗಾಡಿಯಿಂದ ಒಂದು ಹಲಗೆ ತಂದು ಜ್ಯಾಕಿನ ಅಡಿಗಿಟ್ಟು, ಟೈರು ಬದಲಿಸಿಕೊಟ್ಟು, ನಮ್ಮಲ್ಲಿ ನೀರಿದೆಯೇ ಎಂದು ಎರಡು ಬಾರಿ ಕೇಳಿದ ನಂತರವೇ ಹೊರಟರು.

ಒಂಬತ್ತನೆಯ ದಿನ ಉಲುರು ತಲುಪಿದೆವು. 348 ಮೀಟರ್ ಎತ್ತರದ ಆ ಬಂಡೆಯನ್ನು ಹತ್ತುವುದು, ಅದರ ಒಡೆಯರಾದ ಅನಂಗು ಜನರ ಇಚ್ಛೆಯಂತೆ, 2019ರ ಅಕ್ಟೋಬರ್ 26ರಿಂದ ನಿಂತಿದೆ. ಸುತ್ತ ನಡೆಯಲು ಸುಮಾರು ಹತ್ತು ಕಿಲೋಮೀಟರಿನ ದಾರಿಯಿದೆ. ಕಾರಿನಿಂದ ಇಳಿದ ಮಗಳು ಮೊದಲು ಕೇಳಿದ್ದು, “ಅಪ್ಪಾ, ಇಲ್ಲಿ ನೀರು ಎಲ್ಲಿದೆ?” ಎಂದು. ಬಂಡೆಯ ಮೇಲೆ ಮಳೆನೀರು ಇಳಿದು ಇಳಿದು ಆಗಿರುವ ಕಪ್ಪು ಪಟ್ಟೆಗಳನ್ನು ಅವಳೇ ಗುರುತಿಸಿದಳು. ಆ ಪಟ್ಟೆಗಳ ಜಾಡು ಹಿಡಿದು ಬುಡದಲ್ಲಿರುವ ಮುಟಿಜುಲು ಮಡುವಿಗೆ ನಡೆದುಹೋಗಿ, ನೆರಳು ಸರಿಯುವವರೆಗೂ ಅಲ್ಲೇ ಕುಳಿತಿದ್ದೆವು.