ರಿವಾಲ್ವರಿನ ಸಿಲಿಂಡರು ನಳಿಗೆಗೆ ನೇರವಾಗಿಯೇ ನಿಲ್ಲುವುದು ಹೇಗೆ?

ಪ್ರಶ್ನೆ: ತೋಟದ ಬೆಳೆ ಕಾಯಲೆಂದು ಅಜ್ಜನ ಕಾಲದಲ್ಲೇ ಪರವಾನಗಿ ಪಡೆದ ಕೇಪಿನ ಕೋವಿಯೊಂದು ನಮ್ಮ ಮನೆಯಲ್ಲಿದೆ. ಅದಕ್ಕೆ ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ತುಂಬಬೇಕು. ರಿವಾಲ್ವರಿನಲ್ಲಿ ಸಿಲಿಂಡರು ತಾನಾಗಿ ತಿರುಗಿ ಸರಿಯಾದ ಜಾಗದಲ್ಲೇ ನಿಲ್ಲುವುದು ಹೇಗೆ? ಈ ವ್ಯವಸ್ಥೆ ಹೇಗೆ ಬೆಳೆದು ಬಂತು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಿಲಿಂಡರನ್ನು ತಿರುಗಿಸುವುದಕ್ಕಿಂತ ಅದನ್ನು ಕರಾರುವಾಕ್ಕಾಗಿ ನಿಲ್ಲಿಸುವುದೇ ಕಷ್ಟದ ಕೆಲಸ. ಸಿಲಿಂಡರಿನ ಹಿಂಬದಿಯಲ್ಲಿ, ಗುಂಡಿನ ಕೋಣೆಗಳು ಎಷ್ಟಿವೆಯೋ ಅಷ್ಟೇ ಹಲ್ಲುಗಳಿರುವ ಪುಟ್ಟ ಚಕ್ರವಿರುತ್ತದೆ. ಕುದುರೆಯನ್ನು, ಅಂದರೆ ಬಡಿದು ಗುಂಡು ಹಾರಿಸುವ ಪುಟ್ಟ ಸುತ್ತಿಗೆಯನ್ನು, ಹಿಂದಕ್ಕೆ ಎಳೆದಾಗ ಅದಕ್ಕೆ ಜೋಡಿಸಿರುವ ಉಕ್ಕಿನ ಸಣ್ಣ ಪಟ್ಟಿ ಮೇಲೇರಿ ಒಂದು ಹಲ್ಲನ್ನು ನೂಕುತ್ತದೆ. ಆರು ಗುಂಡಿನದಾದರೆ ಸಿಲಿಂಡರು 60 ಡಿಗ್ರಿ ತಿರುಗುತ್ತದೆ. ಸಿಲಿಂಡರಿನ ಅಡಿಯಲ್ಲಿರುವ ಚಿಲಕವು ಮೊದಲು ಕೆಳಗೆ ಸರಿದು ದಾರಿ ಬಿಟ್ಟು, ಸುತ್ತು ಮುಗಿಯುವಷ್ಟರಲ್ಲಿ ಸ್ಪ್ರಿಂಗಿನ ಒತ್ತಡದಿಂದ ಮೇಲೆದ್ದು ಹೊರಮೈಯ ಕಚ್ಚಿನೊಳಗೆ ಕೂರುತ್ತದೆ. ಇದರ ಹೊಂದಾಣಿಕೆ ತಪ್ಪಿದರೆ ಗುಂಡು ನಳಿಗೆಯ ಅಂಚನ್ನು ಸವರಿ, ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಅಲ್ಪಸ್ವಲ್ಪ ವ್ಯತ್ಯಾಸವನ್ನು ಸರಿದೂಗಿಸಲೆಂದೇ ನಳಿಗೆಯ ಹಿಂತುದಿಯನ್ನು ತುಸು ಅಗಲವಾಗಿ ಕೊರೆದಿರುತ್ತಾರೆ.

1818ರಲ್ಲಿ ಎಲಿಷಾ ಕಾಲಿಯರ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರಿವಾಲ್ವರು ಚಕಮಕಿ ಕಲ್ಲಿನಿಂದ ಹಾರುವಂಥದ್ದು. ನಿಮ್ಮ ಕೋವಿಯಲ್ಲಿರುವ ಅದೇ ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿ, ಬಂದ ಮೇಲೆಯೇ ಪ್ರತಿ ಕೋಣೆಗೂ ಪ್ರತ್ಯೇಕ ಕಿಡಿಯ ಏರ್ಪಾಡು ಸುಲಭವಾಯಿತು. 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್, ತಿರುಗುವುದನ್ನೂ ಬಿಗಿಯಾಗಿ ನಿಲ್ಲುವುದನ್ನೂ ಕುದುರೆಯ ಒಂದೇ ಚಲನೆಗೆ ಕಟ್ಟಿದ. ಅವನ ನಿಜವಾದ ಸಾಧನೆ ಅದೇ ಎಂದು ನನ್ನ ಅಭಿಪ್ರಾಯ. ಆದರೂ ಮದ್ದು ಮತ್ತು ಗುಂಡನ್ನು ಮುಂದಿನಿಂದಲೇ ತುಂಬಬೇಕಿತ್ತು. ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೂ ಹತ್ತಿಕೊಳ್ಳುವ ಅಪಾಯವಿತ್ತು.

1851ರಲ್ಲಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್, ಟ್ರಿಗರ್ ಒತ್ತಿದರೆ ಸಾಕು, ಕುದುರೆಯೂ ಸಿಲಿಂಡರೂ ಚಲಿಸುವಂತೆ ಮಾಡಿದ. 1855ರಲ್ಲಿ ರಾಲಿನ್ ವೈಟ್ ಪೇಟೆಂಟ್ ಪಡೆದದ್ದು, ಹಿಂದಿನಿಂದ ತೋಟಾ (ಮದ್ದು, ಗುಂಡು ಎರಡೂ ಒಟ್ಟಿಗೇ ಇರುವ ಕೊಳವೆ) ತುಂಬುವಂತೆ ಆರಪಾರ ಕೊರೆದ ಸಿಲಿಂಡರಿಗೆ. ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಅದರ ಹಕ್ಕು ಪಡೆದು 1857ರಲ್ಲಿ ತನ್ನ ಮೊದಲ ಮಾದರಿಯನ್ನು ಹೊರತಂದಿತು. 1869ರಲ್ಲಿ ಪೇಟೆಂಟಿನ ಅವಧಿ ಮುಗಿಯುವವರೆಗೆ ಅಮೆರಿಕದ ಉಳಿದ ತಯಾರಕರ ಕೈ ಕಟ್ಟಿಹೋಗಿತ್ತು.

ಅಲ್ಲಿಂದ ಮುಂದಿನ ಪೈಪೋಟಿ ಖಾಲಿ ತೋಟಾಗಳನ್ನು ಬೇಗ ಹೊರತೆಗೆಯುವುದಕ್ಕೆ. 1873ರ ಕೋಲ್ಟಿನಲ್ಲಿ ಒಂದೊಂದಾಗಿ ನೂಕಬೇಕಿತ್ತು. ನಡು ಮಡಚುವ ಇಂಗ್ಲೆಂಡಿನ ವೆಬ್ಲಿ ರಿವಾಲ್ವರಿನಲ್ಲಿ ಎಲ್ಲವೂ ಒಟ್ಟಿಗೆ ಮೇಲೆದ್ದು ಬರುತ್ತವೆ. ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯ .32 ಅಳತೆಯ ರಿವಾಲ್ವರು ಇದೇ ಬಗೆಯದು. ಸಿಲಿಂಡರು ಪಕ್ಕಕ್ಕೆ ಹೊರಳುವ ಮಾದರಿಯನ್ನು ಕೋಲ್ಟ್ ಕಂಪನಿ 1889ರಲ್ಲಿ ತಂದಿತು, ಇಂದು ಹೆಚ್ಚಾಗಿ ಕಾಣುವುದು ಅದನ್ನೇ.

ಇಷ್ಟಾದರೂ ಸಿಲಿಂಡರಿಗೂ ನಳಿಗೆಗೂ ನಡುವಿನ ಕೂದಲೆಳೆಯಷ್ಟು ಸಂದು ಉಳಿದೇ ಇದೆ, ಏಕೆಂದರೆ ಅದಿಲ್ಲದೆ ಸಿಲಿಂಡರು ತಿರುಗದು. ರಷ್ಯಾದ ಸೇನೆಗಾಗಿ ರೂಪಿಸಿದ 1895ರ ನಾಗಾಂತ್ ರಿವಾಲ್ವರಿನಲ್ಲಿ ಗುಂಡು ಹಾರುವ ಮುನ್ನ ಸಿಲಿಂಡರೇ ಮುಂದೆ ಸರಿದು, ತೋಟಾದ ಬಾಯಿ ನಳಿಗೆಯೊಳಗೆ ಹೊಕ್ಕು, ಆ ಸಂದು ಮುಚ್ಚುತ್ತದೆ. ಆದರೆ ಅದರಿಂದ ಟ್ರಿಗರ್ ಬಹಳ ಬಿಗಿಯಾಯಿತು, ಅದಕ್ಕೆಂದೇ ಬೇರೆ ತೋಟಾ ಬೇಕಾಯಿತು. ಹಾಗಾಗಿ ಆ ದಾರಿ ಹೆಚ್ಚು ಮುಂದುವರಿಯಲಿಲ್ಲ. ಉಳಿದ ರಿವಾಲ್ವರುಗಳಲ್ಲಿ ಆ ಸಂದಿನಿಂದ ಬಿಸಿ ಅನಿಲ ರಭಸದಿಂದ ಚಿಮ್ಮುವುದರಿಂದ, ತರಬೇತಿಯಲ್ಲಿ ಸಿಲಿಂಡರಿನ ಮುಂತುದಿಯ ಹತ್ತಿರ ಬೆರಳು ಇಡಬಾರದೆಂದು ಮೊದಲೇ ಹೇಳಿಕೊಡುತ್ತಾರೆ.