ಉದ್ಯೋಗ ಪ್ರಶ್ನೋತ್ತರ: ಅಂಕವಿದೆ, ಸಂದರ್ಶನದಲ್ಲಿ ಮಾತಿಲ್ಲ

ಪ್ರಶ್ನೆ: ಮಂಡ್ಯದ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಿದ್ದೇನೆ. ನಮ್ಮ ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿಗಳು ಒಳ್ಳೆಯ ಅಂಕ ಗಳಿಸಿದರೂ ಮೈಸೂರು, ಬೆಂಗಳೂರಿನ ಕಂಪನಿಗಳ ಸಂದರ್ಶನದಲ್ಲಿ ಬಾಯಿ ಬಿಡುವುದಿಲ್ಲ. ಹೋದ ವರ್ಷ ಎರಡು ದಿನಗಳ ಸಾಫ್ಟ್ ಸ್ಕಿಲ್ಸ್ (ಮಾತುಕತೆ, ಜನರೊಂದಿಗಿನ ಒಡನಾಟದ ಕೌಶಲ) ಕಾರ್ಯಾಗಾರ ನಡೆಸಿದೆವು. ಪ್ರಮಾಣಪತ್ರ ಎಲ್ಲರಿಗೂ ಸಿಕ್ಕಿತು, ಬದಲಾವಣೆ ಮಾತ್ರ ಕಾಣಲಿಲ್ಲ. ಪಾಠದ ಹೊರೆಯ ನಡುವೆ ಏನು ಮಾಡಬಹುದು?
– ಉಪನ್ಯಾಸಕಿ, ಮಂಡ್ಯ

ಉತ್ತರ: ಆ ಎರಡು ದಿನ ಮಾತನಾಡಿದವರು ಯಾರೆಂದು ನೆನಪಿಸಿಕೊಳ್ಳಿ. ಬಹುಪಾಲು ತರಬೇತುದಾರರೇ ಆಗಿರುತ್ತಾರೆ. ಮಾತು ಕಲಿಯಬೇಕಾದವರು ಕೇಳುತ್ತಾ ಕುಳಿತಿದ್ದರೆ ಪ್ರಮಾಣಪತ್ರದ ಹೊರತು ಬೇರೇನೂ ಸಿಗದಿರುವುದು ಆಶ್ಚರ್ಯವಲ್ಲ.

ಇದಕ್ಕೆ ಪ್ರತ್ಯೇಕ ಅವಧಿ ಬೇಡ. ನಿಮ್ಮ ಪಾಠದೊಳಗೇ ವಾರಕ್ಕೊಮ್ಮೆ 15 ನಿಮಿಷ ಸಾಕು. 60 ಜನರ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ 3 ನಿಮಿಷ ಕೊಟ್ಟರೆ 180 ನಿಮಿಷ ಬೇಕಾಗುತ್ತದೆ, ಆದ್ದರಿಂದ ಮೂವರ 20 ಗುಂಪುಗಳನ್ನು ಮಾಡಿ. ಒಬ್ಬರು 2 ನಿಮಿಷ ವಿವರಿಸಲಿ, ಇನ್ನೊಬ್ಬರು ಕೇಳಿದ್ದನ್ನು 1 ನಿಮಿಷದಲ್ಲಿ ತಿರುಗಿ ಹೇಳಲಿ, ಮೂರನೆಯವರು ಬಿಟ್ಟುಹೋದದ್ದನ್ನು ಗುರುತಿಸಲಿ. ಬಳಿಕ ಪಾತ್ರಗಳು ಬದಲಾಗಲಿ. ವಿಷಯ ನಿಮ್ಮ ಪಠ್ಯದ್ದೇ ಇರಲಿ. ಟ್ರ್ಯಾಕ್ಟರ್ ಇನ್ನೂ ಚೆನ್ನಾಗಿ ಓಡುತ್ತಿರುವಾಗ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಏಕೆ ಇಳಿಯುತ್ತದೆ ಎಂಬುದನ್ನು ಅದರ ಮಾಲೀಕನಿಗೆ ಅರ್ಥವಾಗುವಂತೆ ಹೇಳಬಲ್ಲ ವಿದ್ಯಾರ್ಥಿ ಸವಕಳಿಯ ಪಾಠವನ್ನೂ ಸಂವಹನವನ್ನೂ ಒಟ್ಟಿಗೆ ಕಲಿತಿರುತ್ತಾನೆ.

ಮೊದಲ ಕೆಲವು ವಾರ ಇದೆಲ್ಲ ಕನ್ನಡದಲ್ಲೇ ನಡೆಯಲಿ, ಮಂಡ್ಯದ ಕನ್ನಡವಾದರೂ ಸರಿಯೇ. ಕನ್ನಡದಲ್ಲಿ ಅಡಿಯಿಂದ ಮುಡಿಯವರೆಗೆ ಹೇಳಲು ಬಾರದ ವಿಷಯ ಇಂಗ್ಲಿಷಿನಲ್ಲಿ ಬರುವುದಿಲ್ಲ. ಆಮೇಲೆ ಅದೇ ವಿಷಯವನ್ನು ಸರಳ ಇಂಗ್ಲಿಷಿನಲ್ಲಿ ಹೇಳಿಸಿ, ಏಕೆಂದರೆ ಸಂದರ್ಶನಕ್ಕೆ ಅದು ಬೇಕೇ ಬೇಕು. ಸಾಫ್ಟ್ ಸ್ಕಿಲ್ಸ್ ಎಂದರೆ ಇಂಗ್ಲಿಷ್ ಉಚ್ಚಾರಣೆ ಮತ್ತು ಟೈ ಎಂದು ನಮ್ಮಲ್ಲಿ ಹೇಗೋ ಬೇರೂರಿದೆ. 1972ರಲ್ಲಿ ಅಮೆರಿಕದ ಸೇನೆ ಈ ಪದದ ಬಗ್ಗೆ ಸಮ್ಮೇಳನವನ್ನೇ ನಡೆಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಯಂತ್ರಗಳೊಂದಿಗಲ್ಲದೆ ಜನರೊಂದಿಗೆ ಮಾಡಬೇಕಾದ ಕೆಲಸ.

ಅಂಥ ಕೆಲಸ ನಿಮ್ಮ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಊರಿನ ಡೈರಿಯಲ್ಲಿ ಬೆಳಿಗ್ಗೆ ಲೆಕ್ಕ ಬರೆದು ಕಾಲೇಜಿಗೆ ಬರುವ ಹುಡುಗ ರೆಸ್ಯೂಮೆಯಲ್ಲಿ ‘ಅನುಭವವಿಲ್ಲ’ ಎಂದು ಬರೆಯುತ್ತಾನೆ. ಹಾಲಿನ ಕೊಬ್ಬಿನಂಶ ಕಡಿಮೆ ಬಂತೆಂದು ಸಿಟ್ಟಾದ ರೈತನೆದುರು ಮತ್ತೊಮ್ಮೆ ಪರೀಕ್ಷೆ ಮಾಡಿ ತೋರಿಸಿ, ದರದ ಲೆಕ್ಕ ಬಿಡಿಸಿ ಹೇಳಿ ಸಮಾಧಾನಪಡಿಸಿದ್ದು ಸಂದರ್ಶನದಲ್ಲಿ ಹೇಳುವಂಥದ್ದೆಂದು ಅವನಿಗೆ ಹೊಳೆದೇ ಇರುವುದಿಲ್ಲ. ‘ಕಷ್ಟದ ಸನ್ನಿವೇಶವೊಂದನ್ನು ಹೇಗೆ ನಿಭಾಯಿಸಿದಿರಿ?’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಸಂದರ್ಭ ಏನು, ತನ್ನ ಹೊಣೆ ಏನು, ಮಾಡಿದ್ದೇನು, ಫಲಿತಾಂಶವೇನು ಎಂಬ ಕ್ರಮದಲ್ಲಿ ಅದನ್ನು ಹೇಳಿಸಿ. ತರಬೇತುದಾರರು ‘ಸ್ಟಾರ್’ ವಿಧಾನ ಎನ್ನುವುದು ಇದನ್ನೇ. ಪ್ರತಿಯೊಬ್ಬರಿಂದಲೂ ಇಂಥ ಎರಡು ಘಟನೆಗಳನ್ನು ಬರೆಸಿ, ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅವರೇ ಕೇಳಿಸಿಕೊಳ್ಳುವಂತೆ ಮಾಡಿ. ತಪ್ಪುಗಳಲ್ಲಿ ಒಂದನ್ನು ಮಾತ್ರ ಆ ದಿನ ತಿದ್ದಿ. ಹತ್ತನ್ನು ಒಟ್ಟಿಗೆ ಹೇಳಿದರೆ ಮುಂದಿನ ವಾರ ಅವರು ಮತ್ತೆ ಮೌನವಾಗುತ್ತಾರೆ.

ಪ್ರಶ್ನೆ: ಗುಂಪು ಚರ್ಚೆಯಲ್ಲಿ ಮೊದಲು ಮಾತನಾಡಿದವರೇ ಆಯ್ಕೆಯಾಗುತ್ತಾರಂತೆ, ನಿಜವೇ?
– ಎಂ.ಕಾಂ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಅಂಥ ನಿಯಮವಿಲ್ಲ. ಮೊದಲು ಮಾತನಾಡಿದವರ ಮೇಲೆ ಗಮನ ಬೀಳುವುದು ನಿಜ, ಹೇಳಲು ಏನೂ ಇಲ್ಲದಿದ್ದರೆ ಅದೂ ಗಮನಕ್ಕೆ ಬರುತ್ತದೆ. ಮೂರನೆಯವರಾಗಿ ಮಾತನಾಡಿದರೂ ಹಿಂದಿನವರ ಮಾತನ್ನು ಎತ್ತಿಕೊಂಡು ಮುಂದುವರಿಸಿ. ಯಾರಾದರೂ ಬಾಯಿ ತೆರೆಯಲಾಗದೆ ಕುಳಿತಿದ್ದರೆ ‘ನಿಮ್ಮ ಅಭಿಪ್ರಾಯವೇನು?’ ಎಂದು ಅವರಿಗೆ ಅವಕಾಶ ಮಾಡಿಕೊಡಿ.